ಡ್ರಂಗೋರನ ಮೂರು ಕಾಲಂ

“ಇದು ಹೆಸರೋ, ಮೆಟ್ಟಿಲ ಮೇಲಿಂದ ಖಾಲಿ ಡಬ್ಬ ಉರುಳಿದ ಸದ್ದೋ?”

ನಾಲ್ಕನೇ ಕಿಟಕಿಯ ಗುಮಾಸ್ತ ಇದನ್ನು ಮೆಲ್ಲಗೆ ಹೇಳಬಹುದಿತ್ತು. ಹೇಳಲಿಲ್ಲ. ಅರ್ಜಿಯನ್ನು ಕೈಚಾಚಿ ದೂರ ಹಿಡಿದು, ಕನ್ನಡಕವನ್ನು ಹಣೆಗೇರಿಸಿ, “ಡ್ರಂ... ಗೋ... ರ” ಎಂದು ಒಂದೊಂದು ಅಕ್ಷರವನ್ನೂ ನೆಲಕ್ಕೆ ಎತ್ತಿ ಹಾಕುವವನಂತೆ ಓದಿ, ಆಮೇಲೆ ಈ ಮಾತು ಬಿಟ್ಟ. ಸಾಲಿನಲ್ಲಿದ್ದ ಹದಿನಾಲ್ಕು ಮಂದಿಯೂ ನಕ್ಕರು. ಬೆಳಗಿನಿಂದ ನಿಂತು ನಿಂತು ಕಾಲು ಮರಗಟ್ಟಿದ್ದವರಿಗೆ ನಗಲು ಏನೋ ಒಂದು ಬೇಕಿತ್ತು. ಕೊಡೆ ಹಿಡಿದ ದಪ್ಪ ಹೆಂಗಸೊಬ್ಬಳಂತೂ ನಕ್ಕು ನಕ್ಕು ಹಿಂದಿನವನ ಕಾಲು ತುಳಿದಳು.

ಹೆಸರಿನ ಒಡೆಯ ಕಿಟಕಿಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಕಂಬಿ ಗಟ್ಟಿಯಾಗಿತ್ತು, ಅದು ಗುಮಾಸ್ತನ ಪುಣ್ಯ.

ಬೇಕರಿಯಲ್ಲಿ ಈ ಹುಡುಗನನ್ನು ಎಲ್ಲರೂ ಕೋನು ಅಂತಲೇ ಕರೆಯುತ್ತಾರೆ. ಕಾಗದದ ಕೋನಿನಲ್ಲಿ ಕ್ರೀಮ್ ತುಂಬಿ ಕೇಕಿನ ಮೇಲೆ ಹೆಸರು ಬರೆಯುವುದು ಅವನ ಕೆಲಸ. ಅವನ ನಿಜವಾದ ಹೆಸರನ್ನು ಬಾಯ್ತುಂಬ ಕರೆಯುವವರು ಮೂರೇ ಜನ: ಅಪ್ಪ, ಅಮ್ಮ, ಹೆಂಡತಿ. ಮೊದಲು ಶಾಲೆಯ ಮೇಷ್ಟ್ರೂ ಇದ್ದರು. ಹಾಜರಿ ಕೂಗುತ್ತ ಈ ಹೆಸರಿಗೆ ಬಂದಾಗ ಅವರು ಡಸ್ಟರ್ ತೆಗೆದುಕೊಂಡು ಮೇಜಿನ ಮೇಲೆ ಎರಡು ಏಟು ಬಾರಿಸುತ್ತಿದ್ದರು, ಬ್ಯಾಂಡಿನವರ ಹಾಗೆ. ತರಗತಿಗೆ ದಿನಾ ಹೊಸದೆಂಬಂತೆ ನಗು. ಎಂಟನೇ ತರಗತಿಯಲ್ಲಿ ಒಂದು ಬೆಳಿಗ್ಗೆ ಕೋನು ಎದ್ದು ಹೋಗಿ ಆ ಡಸ್ಟರನ್ನು ಕಿಟಕಿಯಿಂದಾಚೆ ಎಸೆದ. ಹೋಗಿ ತಗೊಂಡು ಬಾ ಎಂದು ಮೇಷ್ಟ್ರು ಗದರಿದರು. ಹೋದವನು ಮತ್ತೆ ಒಳಗೆ ಬರಲಿಲ್ಲ. ಅವನ ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತು.

ಆದರೆ ಹೆಸರುಗಳ ವಿಷಯದಲ್ಲಿ ಅವನಷ್ಟು ಓದಿಕೊಂಡವರು ಊರಿನಲ್ಲಿ ಇರಲಿಲ್ಲ. ಹತ್ತು ವರ್ಷದಿಂದ ಕೇಕಿನ ಮೇಲೆ ಬರೆಯುತ್ತ, ಪಕ್ಕದಲ್ಲಿ ಎಷ್ಟು ಮೇಣದಬತ್ತಿ ಕಟ್ಟಿಕೊಡುತ್ತಾರೆ ಅಂತ ನೋಡುತ್ತ, ಯಾವ ಹೆಸರು ಯಾವ ಕಾಲದ್ದು ಅನ್ನುವುದು ಅವನ ಮಣಿಕಟ್ಟಿಗೇ ಗೊತ್ತಾಗಿಬಿಟ್ಟಿತ್ತು. ಎಪ್ಪತ್ತು ದಾಟಿದವರ ಹೆಸರು ಉದ್ದ, ಕೇಕು ಚಿಕ್ಕದು. ಎರಡು ಸಾಲಿಗೆ ಮುರಿಯಬೇಕು. ನಲವತ್ತರವರದು ಹದವಾಗಿ ಒಂದು ಸಾಲಿಗೆ ಕೂರುತ್ತದೆ. ಐದರೊಳಗಿನವು ಎರಡೇ ಅಕ್ಷರ. ಕೇಕೋ ಮೂರು ಅಂತಸ್ತಿನದು, ಹೆಸರು ಅದರ ಮೇಲೆ ನೊಣ ಕೂತ ಹಾಗೆ ಕಾಣುತ್ತದೆ. ಒಂದು ಹೆಸರಂತೂ ಮೂವತ್ತು ವರ್ಷದ ಹಿಂದೆ ನೆಗಡಿಯಂತೆ ಶುರುವಾಗಿ ಮನೆಮನೆಗೂ ಹಬ್ಬಿ, ಹೋದ ವರ್ಷವೊಂದರಲ್ಲೇ ಮೂವತ್ತೊಂದು ಕೇಕಿಗೆ ಬಂದಿತ್ತು. ಹತ್ತು ವರ್ಷದಲ್ಲಿ ಡ್ರಂಗೋರ ಎಂದು ಬರೆಯಿರಿ ಎಂದವರು ಒಬ್ಬರೂ ಇಲ್ಲ.

ಆ ಮೂವತ್ತೊಂದು ಕೇಕಿನ ಹೆಸರೇ ತನಗೂ ಬೇಕೆಂದು ಅವನು ಈ ದಿನ ಅರ್ಜಿ ಹಿಡಿದು ಬಂದಿದ್ದ. ಸುಮ್ಮನೆ ಬಂದವನಲ್ಲ. ಮನೆಯಲ್ಲಿ ಹತ್ತೊಂಬತ್ತು ದಿನದ ಮಗಳಿದ್ದಳು. ಇಪ್ಪತ್ತೊಂದು ದಿನದೊಳಗೆ ಅವಳ ಜನನ ಬರೆಸಬೇಕು, ಅದರಲ್ಲಿ ತಂದೆಯ ಹೆಸರು ಅಂತ ಒಂದು ಗೆರೆ ಇದೆ. ಒಮ್ಮೆ ಬರೆದರೆ ಶಾಲೆಯ ಹಾಜರಿಯಿಂದ ಹಿಡಿದು ಮದುವೆಯ ಕಾಗದದವರೆಗೂ ಆ ಗೆರೆ ಅವಳ ಬೆನ್ನು ಬಿಡುವುದಿಲ್ಲ. ಇನ್ನೊಬ್ಬ ಮೇಷ್ಟ್ರು ಇನ್ನೊಂದು ಡಸ್ಟರ್ ಹಿಡಿದು ತನ್ನ ಮಗಳಿಗೂ ಕಾದು ಕೂತಿದ್ದಾನೆ ಎಂದು ಕೋನುವಿಗೆ ಖಾತ್ರಿಯಿತ್ತು.

“ಏಳು, ಎಂಟು, ಒಂಬತ್ತನೇ ಕಾಲಂ ಖಾಲಿ ಬಿಟ್ಟಿದೀಯಲ್ಲಪ್ಪ,” ಗುಮಾಸ್ತ ಅರ್ಜಿಯನ್ನು ಕಂಬಿಯ ಸಂದಿಯಿಂದ ವಾಪಸು ತಳ್ಳಿದ. “ಹಳೇ ಹೆಸರಿನ ಅರ್ಥ. ಎಲ್ಲಿಂದ ಬಂತು. ಆ ಹೆಸರಿನವರು ಎಷ್ಟು ಜನ ಇದಾರೆ.”

“ಅದೆಲ್ಲ ಯಾಕ್ ಸಾರ್? ಬಿಟ್ಟು ಹೋಗೋ ಹೆಸರಿಗೆ ಜಾತಕ ಯಾಕೆ?”

“ಪಟ್ಟಿಯಲ್ಲಿರೋ ಹೆಸರಾದ್ರೆ ಬೇಕಾಗಿಲ್ಲ. ನಿಂದು ಪಟ್ಟಿಯಲ್ಲೇ ಇಲ್ಲ.” ಗುಮಾಸ್ತ ಇಟ್ಟಿಗೆಯಷ್ಟು ದಪ್ಪದ ಪುಸ್ತಕವನ್ನು ತಟ್ಟಿ ತೋರಿಸಿದ. “ಹದಿನೆಂಟು ಸಾವಿರ ಹೆಸರಿದೆ ಇದ್ರಲ್ಲಿ. ಬೆಕ್ಕಿಗೆ ಇಡೋವೂ ಇವೆ. ನಿಂದೊಂದಿಲ್ಲ. ನಾಲ್ಕು ಗಂಟೆಯೊಳಗೆ ತುಂಬ್ಕೊಂಡು ಬಾ. ಇವತ್ತು ಬಿಟ್ರೆ ಈ ಕಿಟಕಿ ತೆಗೆಯೋದು ಮುಂದಿನ ತಿಂಗಳೇ.”

ಮುಂದಿನ ತಿಂಗಳ ಹೊತ್ತಿಗೆ ಮಗಳ ಕಾಗದ ಆಗಿಹೋಗಿರುತ್ತದೆ. ಕೋನು ಅರ್ಜಿಯನ್ನು ಕಿತ್ತುಕೊಂಡವನೇ ಮನೆಗೆ ಓಡಿದ.

ಅಮ್ಮ ಮೊಮ್ಮಗಳ ಬಟ್ಟೆಗಳನ್ನು ಮಡಚುತ್ತ ಕೂತಿದ್ದಳು. ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸಲು ಬೆನ್ನು ತಟ್ಟುತ್ತಿದ್ದಳು.

“ಅಮ್ಮಾ, ನನ್ನ ಹೆಸರಿನ ಅರ್ಥ ಏನು?”

“ರಾಜ ಕಣೋ,” ಅಮ್ಮ ತಲೆಯೆತ್ತದೆ ಹೇಳಿದಳು. “ಎಷ್ಟು ಸಲ ಹೇಳ್ಬೇಕು. ಡ್ರಂಗೋರ ಅಂತ ಒಬ್ಬ ದೊಡ್ಡ ರಾಜ. ಏಳು ಕುದುರೇನ ಒಟ್ಟಿಗೆ ಕಟ್ಕೊಂಡು ಸವಾರಿ ಹೋಗ್ತಿದ್ನಂತೆ.”

“ಯಾವ ದೇಶದ ರಾಜ?”

“ರಾಜ ಅಂದ್ಮೇಲೆ ಸಾಲ್ದಾ, ದೇಶ ಬೇರೆ ಬೇಕಾ ನಿಂಗೆ?”

“ಅರ್ಜಿಯಲ್ಲಿ ಬರೀಬೇಕಮ್ಮ. ಯಾರು ನಿಂಗೆ ಹೇಳಿದ್ದು?”

“ನಿಮ್ಮಪ್ಪ.”

“ಅಪ್ಪ ಏನಂತ ಹೇಳಿದ್ದು? ಸರಿಯಾಗಿ ಹೇಳು.”

ಅಮ್ಮ ಒಂದು ಪುಟಾಣಿ ಅಂಗಿಯನ್ನು ಎರಡು ಸಲ ಮಡಚಿದಳು. “ಭಾರೀ ಬಲ ಇರೋವ್ನು ಅಂದಿದ್ರು. ರಾಜ, ಕುದುರೆ ಎಲ್ಲ ನಾನು ಹಾಕಿದ್ದು. ಪಕ್ಕದ ಮನೆಯೋಳು ಕೇಳಿದಾಗ ಏನಾದ್ರೂ ಹೇಳ್ಬೇಕಿತ್ತಲ್ಲ.”

ಹೆಂಡತಿಗೆ ನಗು ತಡೆಯಲಿಲ್ಲ. ಮಗುವೂ ಅದೇ ಹೊತ್ತಿಗೆ ತೇಗಿತು.

“ರೀ, ಇದೆಲ್ಲ ಯಾಕ್ರೀ ಬೇಕು? ಇರೋ ಹೆಸರಿಗೆ ಏನಾಗಿದೆ?”

“ಏನಾಗಿದೆ ಅಂತ ಆ ಕಿಟಕಿ ಹತ್ರ ಬಂದು ನೋಡು.”

“ನೀವು ಇಟ್ಕೊಳ್ತೀನಿ ಅಂತಿರೋ ಹೆಸರಿನವ್ರು ನಮ್ಮ ಬೀದಿಯಲ್ಲೇ ನಾಲ್ಕು ಜನ ಇದಾರೆ. ಅದ್ರಲ್ಲಿ ಒಬ್ಬ ಮೊದಲು ನನ್ನ ನೋಡೋಕೆ ಬಂದು ಹೋದವ್ನು. ಬಾಗಿಲಲ್ಲಿ ನಿಂತು ನಾನು ಆ ಹೆಸರು ಕೂಗಿ, ನಿಮ್ಮ ಬದಲು ಅವ್ನು ಬಂದ್ರೆ?”

“ಬಂದ್ರೆ ಅವ್ನ ಕಾಲು ಮುರೀತೀನಿ.”

“ಅದೇ ಅಂದೆ. ಹೆಸರು ಬದ್ಲಾದ್ರೂ ಕೋಪ ಬದ್ಲಾಗಲ್ಲ ನಿಮ್ದು.”

ಅವನು ಮಗಳ ಕಡೆ ನೋಡಿದ. ಅವಳು ಅಂಗೈ ಬಿಚ್ಚಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದಳು. ತೋರುಬೆರಳು ಕೊಟ್ಟ. ಹಿಡಿದುಕೊಂಡಳು. ಬಿಡಿಸಿಕೊಳ್ಳಲು ಒಂದು ನಿಮಿಷ ಹಿಡಿಯಿತು, ಅಷ್ಟು ಗಟ್ಟಿ ಹಿಡಿತ.

ಅಪ್ಪ ಎಲ್ಲಿ ಸಿಗುತ್ತಾನೆಂದು ಕೇಳುವ ಅಗತ್ಯವಿರಲಿಲ್ಲ. ಮೂವತ್ತೊಂದು ವರ್ಷ ಅದೇ ಬೇಕರಿಯ ಹಿಟ್ಟು ನಾದುವ ಕೋಣೆಯಲ್ಲಿ ಕೆಲಸ ಮಾಡಿ ಮೂರು ವರ್ಷದ ಹಿಂದೆ ಅಪ್ಪ ನಿವೃತ್ತನಾಗಿದ್ದ. ನಿವೃತ್ತಿ ಎಂದರೆ ಸಂಬಳ ನಿಂತಿತ್ತು, ಅಷ್ಟೇ. ದಿನಾ ಬೆಳಿಗ್ಗೆ ತಿಂಡಿ ಮುಗಿಸಿ ಹೋಗಿ ಆ ಕೋಣೆಯ ಹಿಟ್ಟಿನ ಮೂಟೆಯ ಮೇಲೆ ಕೂತು, ತನ್ನ ಜಾಗಕ್ಕೆ ಬಂದ ಹೊಸ ಮೇಸ್ತ್ರಿಗೆ ಬುದ್ಧಿ ಹೇಳುವುದನ್ನು ಅವನು ಒಂದು ದಿನವೂ ತಪ್ಪಿಸಿದವನಲ್ಲ. ಯಂತ್ರದ ಪಕ್ಕ ನಿಂತೂ ನಿಂತೂ ಕಿವಿ ಅರ್ಧ ಹೋಗಿದ್ದರಿಂದ, ಹೇಳುವ ಬುದ್ಧಿ ಎದುರಿನ ಬೀದಿಗೂ ಕೇಳುತ್ತಿತ್ತು.

ಕೋನು ಬೇಕರಿಯ ಮುಂಭಾಗದ ಅಂಗಡಿ ದಾಟಿ, ಒಲೆಯ ಕೋಣೆ ದಾಟಿ, ಐದು ಮೆಟ್ಟಿಲು ಇಳಿದ. ಕಿಟಕಿಯ ಬೆಳಕಿನಲ್ಲಿ ಹಿಟ್ಟಿನ ಧೂಳು ನಿಂತಲ್ಲೇ ನಿಂತಿತ್ತು. ನಡುವೆ ಯಂತ್ರ, ಹಸಿರು ಬಣ್ಣ ಬಳಿದುಕೊಂಡು, ಬಾವಿಯಷ್ಟು ಅಗಲದ ಪಾತ್ರೆ ಹೊತ್ತು ಕೂತಿತ್ತು. ಎಲ್ಲರೂ ಅದನ್ನು ಆನೆ ಎನ್ನುತ್ತಿದ್ದರು. ಈ ದಿನ ಅದು ನಿಂತಿತ್ತು. ಬೆಲ್ಟು ಬದಲಿಸಲು ಬಂದಿದ್ದ ಮೆಕ್ಯಾನಿಕ್ ಅದರ ಹೊಟ್ಟೆಯ ಕೆಳಗೆ ಮಲಗಿದ್ದ. ಅವನ ಕಾಲು ಮಾತ್ರ ಕಾಣುತ್ತಿತ್ತು. ಹೊಸ ಮೇಸ್ತ್ರಿ ನಲವತ್ತರ ಆಸಾಮಿ, ಎಡಗೈಯ ಎರಡು ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಗೋಡೆಗೊರಗಿದ್ದ.

“ಅಪ್ಪಾ,” ಕೋನು ಕಿವಿಯ ಹತ್ತಿರ ಬಗ್ಗಿ ಕೂಗಿದ, “ನನಗೆ ಈ ಹೆಸರು ಎಲ್ಲಿಂದ ತಂದೆ?”

“ಯಾಕೋ ಈಗ?”

“ಅರ್ಜಿಯಲ್ಲಿ ಕೇಳ್ತಿದಾರೆ, ಆ ಹೆಸರಿನವ್ರು ಎಷ್ಟು ಜನ ಅಂತ್ಲೂ. ನಿಜ ಹೇಳು. ಕುದುರೆಗಿದುರೆ ಬೇಡ.”

ಅಪ್ಪ ಮೂಟೆಯಿಂದ ಇಳಿದು, ಹಿಟ್ಟು ಕೆರೆಯುವ ತಗಡನ್ನು ಎತ್ತಿಕೊಂಡು ಆನೆಯ ಹತ್ತಿರ ಹೋದ. ಪಾತ್ರೆಯ ಮುಚ್ಚಳದ ಅಂಚಿನಲ್ಲಿ, ನಾದುವವನು ನಿಲ್ಲುವ ಕಡೆಗೆ, ಅಂಗೈ ಉದ್ದದ ಒಂದು ಉಬ್ಬು ಪಟ್ಟಿ ಇತ್ತು. ಕೋನು ಅದನ್ನು ಸಾವಿರ ಸಲ ನೋಡಿದ್ದ. ಏನೋ ಹೂಬಳ್ಳಿಯ ಅಲಂಕಾರ ಅಂದುಕೊಂಡಿದ್ದ. ಅಪ್ಪ ಹಸಿರು ಬಣ್ಣವನ್ನು ಕೆರೆಯತೊಡಗಿದ. ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದು, ಅಡಿಯಿಂದ ಗೊತ್ತಿಲ್ಲದ ಯಾವುದೋ ಲಿಪಿಯ ಕೆಂಪು ಅಕ್ಷರಗಳು ಒಂದೊಂದಾಗಿ ಹೊರಬಂದವು.

“ಇಲ್ಲಿಂದ,” ಅಂದ ಅಪ್ಪ.

ಕೋನು ಅಕ್ಷರಗಳನ್ನು ನೋಡಿದ, ಅಪ್ಪನನ್ನು ನೋಡಿದ. “ನನಗೆ ಹಿಟ್ಟು ನಾದೋ ಮಿಷನ್ ಹೆಸರಿಟ್ಟಿದೀಯಾ?”

“ಮೆಲ್ಲಗೆ ಮಾತಾಡೋ, ನಂಗೆ ಕೇಳುತ್ತೆ.” ಅದು ಸುಳ್ಳು, ಆದರೆ ಅಪ್ಪ ಅವಮಾನವಾದಾಗಲೆಲ್ಲ ಹೇಳುವ ಸುಳ್ಳು. “ಏಳು ತಿಂಗಳಿಗೇ ಹುಟ್ಟಿಬಿಟ್ಟೆ ನೀನು. ಒಂದೂಕಾಲು ಕೆ.ಜಿ. ನಾವಿಲ್ಲಿ ಒಂದು ತಟ್ಟೆ ಬನ್ನಿಗೆ ತೂಗೋ ಹಿಟ್ಟು ಅದಕ್ಕಿಂತ ಜಾಸ್ತಿ ಇರುತ್ತೆ. ಗಾಜಿನ ಪೆಟ್ಟಿಗೇಲಿ ಮಲಗ್ಸಿದ್ರು. ನಿಮ್ಮಮ್ಮಂಗೆ ಎಚ್ಚರ ಇರ್ಲಿಲ್ಲ. ನರ್ಸಮ್ಮ ಬಂದು, ಹೆಸರು ಹೇಳಿ, ಪೆಟ್ಟಿಗೆಗೆ ಚೀಟಿ ಅಂಟಿಸ್ಬೇಕು ಅಂದ್ರು. ನಾನು ಯಾವ ಹೆಸರೂ ಯೋಚ್ನೆ ಮಾಡಿರ್ಲಿಲ್ಲ. ಗಟ್ಟಿ ಇರೋದು ಏನಾದ್ರೂ ಹೇಳೋಣ ಅನ್ನಿಸ್ತು. ಈ ಬೇಕರಿಯಲ್ಲಿ ಒಲೆ ಮೂರು ಸಲ ಬದ್ಲಾಯ್ತು, ಮಾಲೀಕ್ರು ಎರಡು ಸಲ ಬದ್ಲಾದ್ರು. ಇದೊಂದನ್ನ ಎಂಟು ಜನ ಸೇರಿ ತಳ್ಳಿದ್ರೂ ಅಲ್ಲಾಡ್ಸೋಕೆ ಆಗ್ಲಿಲ್ಲ. ಒಂದು ದಿನಾನೂ ಕೆಟ್ಟಿಲ್ಲ. ಇದರ ಮೇಲೆ ಬರೆದಿರೋದನ್ನ, ಆ ಅಕ್ಷರ ಬರ್ತಿದ್ದ ಆಗಿನ ಉಗ್ರಾಣದವ್ರು ಒಂದ್ಸಲ ಓದಿ, ಮಿಷನ್ ಹೆಸರಿರ್ಬೇಕು ಅಂದಿದ್ರು. ಅದೇ ಬಾಯಿಗೆ ಬಂತು. ಬದುಕ್ಕೊಂಡೆಯಲ್ಲ ನೀನು.”

ಅಷ್ಟರಲ್ಲಿ ಆನೆಯ ಹೊಟ್ಟೆಯ ಕೆಳಗಿನಿಂದ ಮೆಕ್ಯಾನಿಕ್ ಜಾರಿಕೊಂಡು ಹೊರಬಂದ. ಈ ಯಂತ್ರ ತಯಾರಾಗುವ ದೇಶದಲ್ಲೇ ಆರು ವರ್ಷ ದುಡಿದು ಬಂದವನು ಅವನು. ಮುಖಕ್ಕೆಲ್ಲ ಗ್ರೀಸು. ಎದ್ದು ಕೂತು, ಪಟ್ಟಿಯನ್ನೊಮ್ಮೆ ಕೋನುವನ್ನೊಮ್ಮೆ ನೋಡಿದ.

“ಯಜಮಾನ್ರೇ,” ಅಂದ ಅಪ್ಪನಿಗೆ, “ನಿಜವಾಗ್ಲೂ ಇದನ್ನೇ ಇಟ್ರಾ?”

“ಹೂಂ, ಯಾಕೆ?”

“ಇದು ಮಿಷನ್ ಹೆಸರಲ್ಲ. ಮಿಷನ್ ಹೆಸರು ಹಿಂದುಗಡೆ ಇದೆ, ಸಣ್ಣಕ್ಷರದಲ್ಲಿ. ಇದು...” ಅವನು ನಗದಿರಲು ಕೆಳತುಟಿ ಕಚ್ಚಿಕೊಂಡ. “ಇದು ‘ಕೈ ಹಾಕಬೇಡಿ’ ಅಂತ.”

ಹೊಸ ಮೇಸ್ತ್ರಿ ಗೋಡೆಯ ಕಡೆ ತಿರುಗಿಕೊಂಡ. ಅವನ ಭುಜ ಕುಣಿಯತೊಡಗಿತು. ಅಪ್ಪನಿಗೆ ಕೇಳಿಸಲಿಲ್ಲ, ಮೆಕ್ಯಾನಿಕ್ ಎರಡನೇ ಸಲ ಕಿವಿಯಲ್ಲಿ ಕೂಗಬೇಕಾಯಿತು. ಆಗ ಅಪ್ಪನಿಗೂ, ಒಲೆಯ ಕೋಣೆಯವರಿಗೂ, ಮುಂದಿನ ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳುತ್ತಿದ್ದವರಿಗೂ ಒಟ್ಟಿಗೆ ಕೇಳಿಸಿತು.

“ಇಪ್ಪತ್ತಾರು ವರ್ಷ,” ಕೋನು ಅಂದ. “ಇಪ್ಪತ್ತಾರು ವರ್ಷದಿಂದ ನಾನು ಎಚ್ಚರಿಕೆ ಫಲಕ ಆಗಿ ಊರು ತಿರುಗ್ತಾ ಇದೀನಿ.”

“ಸರಿಯಾಗೇ ಇದೆಯಲ್ಲ,” ಗೋಡೆಯ ಕಡೆಯಿಂದ ಹೊಸ ಮೇಸ್ತ್ರಿ ಅಂದ. “ನಿನ್ನ ಮೈಮುಟ್ಟಿ ಮಾತಾಡ್ಸೋ ಧೈರ್ಯ ಯಾರಿಗಿದೆ?”

“ನೀವು ಬಾಯಿ ಮುಚ್ಕೊಳಿ.”

“ಆ ಹೆಸರಿನವರು ಎಷ್ಟು ಜನ ಇದಾರೆ ಅಂತ ಬೇಕಾ ಅರ್ಜಿಗೆ?” ಮೆಕ್ಯಾನಿಕ್‌ಗೆ ಈಗ ಉತ್ಸಾಹ ಬಂದಿತ್ತು. “ಜನ ಯಾರೂ ಇಲ್ಲ. ಆದ್ರೆ ಆ ದೇಶದಲ್ಲಿ ಇಷ್ಟು ಬರೆದಿರೋ ಪದ ಇನ್ನೊಂದಿಲ್ಲಪ್ಪ. ಲಿಫ್ಟಿನ ಬಾಗಿಲ ಮೇಲೆ, ಕರೆಂಟಿನ ಡಬ್ಬದ ಮೇಲೆ, ಹುಲ್ಲು ಕತ್ತರಿಸೋ ಮಿಷನ್ ಮೇಲೆ. ನಾನು ಇಳಿದ ದಿನ ಮೊದ್ಲು ಓದಿದ್ದೇ ನಿನ್ನ ಹೆಸರು.”

ಕೋನು ಹಿಟ್ಟಿನ ಮೇಜಿನ ಮೇಲೆ ಅರ್ಜಿ ಹಾಸಿದ. ಸಿಟ್ಟಿನಲ್ಲೂ ಅಕ್ಷರ ಕೇಕಿನ ಮೇಲೆ ಬಂದ ಹಾಗೇ ದುಂಡಗೆ ಬಂದವು. ಅರ್ಥ: ಕೈ ಹಾಕಬೇಡಿ. ಮೂಲ: ಹಿಟ್ಟು ನಾದುವ ಯಂತ್ರದ ಮುಚ್ಚಳ. ಈ ಹೆಸರಿನವರು: ಮನುಷ್ಯ ಒಬ್ಬ, ಯಂತ್ರಗಳು ಅಸಂಖ್ಯ. ಬರೆದು ಮಡಚಿ ಜೇಬಿಗಿಟ್ಟುಕೊಂಡ. ಮೂರೂ ಕಾಲಂ ತುಂಬಿದವು. ಇನ್ನು ಓಡಿದರೆ ನಾಲ್ಕಕ್ಕೆ ಮುಂಚೆ ಮೂವತ್ತೊಂದು ಕೇಕಿನ ಹೆಸರು ಅವನದಾಗುತ್ತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ.

“ಈ ಮಿಷನ್ ಮೇಲೆ ಎಷ್ಟು ವರ್ಷ ಇದ್ರಿ ಯಜಮಾನ್ರೇ?” ಹಿಂದೆ ಮೆಕ್ಯಾನಿಕ್ ಕೇಳುತ್ತಿದ್ದ.

“ಮೂವತ್ತೊಂದು.”

“ಕೈ ತೋರಿಸಿ ಸ್ವಲ್ಪ.”

ಅಪ್ಪ ಏನೆಂದು ತಿಳಿಯದೆ ಎರಡೂ ಕೈ ಚಾಚಿದ. ಮೆಕ್ಯಾನಿಕ್ ಗ್ರೀಸಿನ ಬೆರಳಿನಿಂದ ಒಂದೊಂದನ್ನೂ ಮುಟ್ಟಿ ಎಣಿಸಿದ. ಮುಗಿದ ಮೇಲೆ ನಂಬಿಕೆ ಬರಲಿಲ್ಲವೆಂಬಂತೆ ಕಿರುಬೆರಳಿನಿಂದ ಇನ್ನೊಮ್ಮೆ.

“ಹತ್ತು. ಈ ಮಾಡೆಲ್ ಓಡಿಸಿ ಹತ್ತೂ ಉಳಿಸ್ಕೊಂಡವ್ರನ್ನ ನಾನು ನೋಡಿರ್ಲಿಲ್ಲ. ಎಲ್ಲಿ ಹೋದ್ರೂ ಒಂದೋ ಎರಡೋ ತಗೊಂಡಿರುತ್ತೆ ಇದು.”

“ನನಗಿಂತ ಮುಂಚೆ ಇದ್ದವ್ನು ಏಳುಬೆರಳು,” ಅಪ್ಪ ಅಂದ. “ಅವನಿಗೆ ಆಸೆ ಜಾಸ್ತಿ. ಅಂಚಿಗೆ ಅಂಟಿದ ಹಿಟ್ಟನ್ನ ಮಿಷನ್ ಓಡ್ತಿರುವಾಗ್ಲೇ ಕೆರೆಯೋನು. ಸ್ವಿಚ್ ಆರಿಸೋ ಸೋಮಾರಿತನ. ಸುಳ್ಳು ಯಾಕೆ ಹೇಳ್ಲಿ, ನನ್ನ ಕೈಯೂ ಹೋಗ್ತಿತ್ತು. ದಿನಕ್ಕೆ ಹತ್ತು ಸಲ ಹೋಗ್ತಿತ್ತು.”

“ಮತ್ತೆ?”

“ಅಲ್ಲಿ ಇವನ ಹೆಸರಿತ್ತಲ್ಲ. ಅಂಚಿಗೇ. ಕೈ ಮುಂದೆ ಹೋಗೋದು, ಅದು ಕಣ್ಣಿಗೆ ಬೀಳೋದು. ಆ ಗಾಜಿನ ಪೆಟ್ಟಿಗೆ ನೆನಪಾಗೋದು. ಅದ್ರೊಳಗೆ ಕೈ ಹಾಕೋ ಹಾಗಿರ್ಲಿಲ್ಲ ನೋಡು, ಒಂದೂವರೆ ತಿಂಗಳು ಮುಟ್ಟೋಕೇ ಬಿಟ್ಟಿರ್ಲಿಲ್ಲ ಇವನನ್ನ. ಹಂಗೇ ಕೈ ಹಿಂದಕ್ಕೆ ತಗೊಂಡು ಸ್ವಿಚ್ ಆರಿಸ್ತಿದ್ದೆ. ಅಭ್ಯಾಸ ಆಗೋಯ್ತು.” ಅಪ್ಪ ತಗಡಿನಿಂದ ಉಳಿದ ಬಣ್ಣವನ್ನು ಕೆರೆದ. “ನಾನು ಬಿಟ್ಟ ವಾರವೇ ಮಾಲೀಕ್ರು ಚೆಂದ ಕಾಣ್ಲಿ ಅಂತ ಇದಕ್ಕೆ ಹಸಿರು ಬಳಿಸಿಬಿಟ್ರು.”

ಹೊಸ ಮೇಸ್ತ್ರಿ ನಗುವುದನ್ನು ನಿಲ್ಲಿಸಿ ತನ್ನ ಬ್ಯಾಂಡೇಜು ನೋಡಿಕೊಂಡ.

“ನೋಡ್ಕೋ,” ಅಪ್ಪ ಅವನಿಗೆ ಕೂಗಿದ. “ಇನ್ಮೇಲೆ ಇದು ಕಂಡಾಗೆಲ್ಲ ನನ್ನ ಮಗನ್ನ ನೆನೆಸ್ಕೋ.”

“ನಿಮ್ಮ ಮಗ ನೆನಪಾದ್ರೆ ನಂಗೆ ಬೆರಳು ಹೋದ್ರೂ ಪರವಾಗಿಲ್ಲ ಅನ್ಸುತ್ತೆ.”

“ಹಾಗಾದ್ರೆ ನಿನ್ನ ಮಗಳನ್ನ ನೆನೆಸ್ಕೋ. ಅವಳಿಗೂ ಇದೇ ಹೆಸರಿಡು.”

ಮೆಟ್ಟಿಲ ಮೇಲಿದ್ದ ಕೋನು ತಿರುಗಿ ನೋಡಲಿಲ್ಲ. ಆದರೆ ಎತ್ತಿದ ಕಾಲು ಸ್ವಲ್ಪ ಹೊತ್ತು ಎತ್ತಿದಂತೇ ಇತ್ತು. ಚಿಕ್ಕಂದಿನಲ್ಲಿ ಅಪ್ಪ ತನ್ನನ್ನು ಎತ್ತುತ್ತಿದ್ದ ಆ ಕೈ, ಶಾಲೆ ಬಿಟ್ಟ ದಿನ ಕೆನ್ನೆಗೆ ಬಾರಿಸಿದ ಆ ಕೈ, ಆ ಏಟಿನ ಗುರುತು ಎಣಿಸಿದರೆ ಸರಿಯಾಗಿ ಐದು ಬೆರಳು. ಆಗ ಅದು ದೊಡ್ಡ ವಿಷಯವೆಂದು ಅವನಿಗೆ ಅನ್ನಿಸಿರಲಿಲ್ಲ.

ಕಚೇರಿ ಸೇರಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಸಾಲು ಕರಗಿ ಆರು ಜನ ಉಳಿದಿದ್ದರು. ಕೊಡೆಯ ಹೆಂಗಸು ಇನ್ನೂ ಇದ್ದಳು. ಯಾವುದೋ ಸಹಿಗೆ ಕಾಯುತ್ತ ಬೆಂಚಿನ ಮೇಲೆ ಕೂತವಳು, ಇವನು ಬಂದಿದ್ದು ಕಂಡು ನೆಟ್ಟಗೆ ಕೂತಳು.

“ಬಂತಪ್ಪ ಡಬ್ಬ,” ಗುಮಾಸ್ತ ಕನ್ನಡಕ ಸರಿಮಾಡಿಕೊಂಡ. “ಕೊಡು ನೋಡೋಣ.”

ಕೋನು ಕೊಟ್ಟ. ಯಾಕೆ ಕೊಟ್ಟೆನೆಂದು ಅವನಿಗೇ ತಿಳಿಯಲಿಲ್ಲ. ಓಡಿ ಬಂದಿದ್ದ, ಸಾಲು ಮುಂದೆ ಸಾಗಿತ್ತು, ಕೈ ತಾನಾಗಿ ಮುಂದೆ ಹೋಗಿತ್ತು.

ಗುಮಾಸ್ತ ಏಳನೆಯ ಕಾಲಂ ಓದಿದ. ನಿಲ್ಲಿಸಿದ. ಮತ್ತೆ ಓದಿದ, ಈ ಸಲ ಎಲ್ಲರಿಗೂ ಕೇಳುವಂತೆ. ಎಂಟನೆಯದನ್ನು ಅರ್ಧ ಓದುವಷ್ಟರಲ್ಲಿ ಅವನ ಹೊಟ್ಟೆ ಮೇಜಿಗೆ ಬಡಿಯತೊಡಗಿತು. ಒಂಬತ್ತಕ್ಕೆ ಬರುವ ಹೊತ್ತಿಗೆ ಮಾತು ಕಟ್ಟಿ, ಅರ್ಜಿಯನ್ನು ಪಕ್ಕದ ಕಿಟಕಿಯವನಿಗೆ ಕೊಟ್ಟು ಓದಿಸಿದ. ಇಡೀ ಹಜಾರ ನಕ್ಕಿತು. ಕೊಡೆಯ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಆಯ್ತು ಕೈಹಾಕಬೇಡಪ್ಪನವರೇ,” ಉಸಿರು ತಿರುಗಿದ ಮೇಲೆ ಗುಮಾಸ್ತ ಪೆನ್ನು ಹಿಡಿದ. ಅವನ ಬೆರಳು ಮಸಿ ಹತ್ತಿ ದಪ್ಪಗಿದ್ದವು. “ಕಾಲಂ ಎಲ್ಲಾ ಸರಿಯಾಗಿದೆ. ಈಗ ಹೇಳಿ, ನಾಲ್ಕಾಗ್ತಾ ಬಂತು. ಹೊಸ ಹೆಸರು ಏನಂತ ಬರ್ಕೊಳ್ಲಿ?”

ಕೋನು ಪಕ್ಕದ ಕಿಟಕಿಯವನ ಕೈಯಿಂದ ಅರ್ಜಿಯನ್ನು ತೆಗೆದುಕೊಂಡ. ಕಿತ್ತುಕೊಳ್ಳಲಿಲ್ಲ, ಬಿಸಿ ತಟ್ಟೆ ತೆಗೆಯುವವನಂತೆ ಹುಷಾರಾಗಿ ತೆಗೆದ. ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ಹಜಾರದ ಇನ್ನೊಂದು ತುದಿಯಲ್ಲಿ ಎರಡನೇ ಕಿಟಕಿ ಇನ್ನೂ ತೆರೆದಿತ್ತು. ಮಗುವಿನ ಜನನವನ್ನೂ ತಂದೆಯ ಹೆಸರನ್ನೂ ಬರೆದುಕೊಳ್ಳುವ ಕಿಟಕಿ. ಅಲ್ಲಿ ಒಬ್ಬನೇ ಒಬ್ಬ ನಿಂತಿದ್ದ.

“ಏಯ್, ನಿನ್ನನ್ನೇ ಕೇಳ್ತಿರೋದು. ಹೆಸರೇನು?”

ಕೋನು ನಡೆದ. ಬೆಂಚು ದಾಟಿದ, ಕೊಡೆ ದಾಟಿದ. ಹಿಂದಿನಿಂದ ಇನ್ನೂ ಎರಡು ಸಲ ಕೇಳಿತು. ಮನೆಯಲ್ಲಿ ಮಗಳು ಹಿಡಿದಿದ್ದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅವನು ಎರಡನೇ ಕಿಟಕಿಯ ಕಡೆ ನಡೆಯುತ್ತಲೇ ಹೋದ.